ಎಂಬತ್ತೇಳರಲ್ಲಿ ಒಂದು ಪಾಲು

ನನ್ನ ಕೆಲಸದ ಮೇಜಿನ ಮೇಲೆ, ಲ್ಯಾಪ್‌ಟಾಪ್ ಪಕ್ಕದಲ್ಲಿ ಒಂದು ಗೂಡ್ಸ್ ವ್ಯಾಗನ್ ನಿಂತಿದೆ. ಉದ್ದ 123 ಮಿಲಿಮೀಟರ್, ಅಂದರೆ ಒಂದು ಪೆನ್ನಿಗಿಂತ ಸ್ವಲ್ಪ ಕಡಿಮೆ. ಕಾವಿ ಬಣ್ಣ, ಅಲ್ಲಲ್ಲಿ ತುಕ್ಕು, ಮೇಲೆ ಕಲ್ಲಿದ್ದಲಿನ ರಾಶಿ. ಮೀಟಿಂಗ್ ನಡುವೆ ಕ್ಯಾಮೆರಾದಲ್ಲಿ ಅದನ್ನು ಕಂಡವರು 'ಇದೇನ್ ಬ್ರೋ, ಮಗನ ಆಟಿಕೆನಾ?' ಅಂತ ಕೇಳುತ್ತಾರೆ. ನನಗೆ ಮಗ ಇಲ್ಲ. ಆಟಿಕೆ ನನ್ನದೇ. ಮೂರು ತಿಂಗಳ ಶನಿವಾರ, ಭಾನುವಾರಗಳನ್ನು ಹಾಕಿ ಕೈಯಾರೆ ಮಾಡಿದ್ದು. ಮಾಡಿದ ಮೇಲೆ ತುಂಬಾ ಹೆಮ್ಮೆ ಇತ್ತು. ಈಗ ಹೆಮ್ಮೆಯ ಜೊತೆಗೆ ಇನ್ನೊಂದು ಭಾವನೆಯೂ ಇದೆ. ಅದರ ಬಗ್ಗೆಯೇ ಈ ಬರಹ.

ನಾನು ಸಿಂದಗಿಯವನು. ನಮ್ಮೂರಿಗೆ ರೈಲಿಲ್ಲ. ಅವ್ವನ ತವರು ಮುದ್ದೇಬಿಹಾಳ, ಅಲ್ಲಿಗೂ ಇಲ್ಲ. ರೈಲು ನೋಡಬೇಕಂದ್ರೆ ಹೋಟಗಿ–ಗದಗ ಲೈನಿಗೇ ಹೋಗಬೇಕು. ಆ ಲೈನಿನಲ್ಲಿ ಇಂಡಿ ರೋಡ್ ಅಂತ ಒಂದು ಸ್ಟೇಷನ್ ಇದೆ, ಬಸವನ ಬಾಗೇವಾಡಿ ರೋಡ್ ಅಂತ ಇನ್ನೊಂದು. ರೈಲ್ವೆಯವರ ಭಾಷೆಯಲ್ಲಿ 'ರೋಡ್' ಅಂದರೆ ಊರು ಇಲ್ಲಿಲ್ಲ, ಇಲ್ಲಿಂದ ಊರಿಗೆ ರಸ್ತೆ ಇದೆ ಅಂತ ಅರ್ಥ. ಊರಿಗೂ ಸ್ಟೇಷನ್ನಿಗೂ ನಡುವಿನ ಅಂತರವನ್ನು ಹೆಸರಲ್ಲೇ ಒಪ್ಪಿಕೊಂಡ ಆ ಪ್ರಾಮಾಣಿಕತೆ ನನಗೆ ಈಗಲೂ ಇಷ್ಟ. ರೈಲಿಲ್ಲದ ಊರಿನ ಹುಡುಗರಿಗೆ ರೈಲಿನ ಹುಚ್ಚು ಜಾಸ್ತಿ ಅಂತ ಕಾಣುತ್ತೆ. ನಮ್ಮ ಕಾಕಾ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದರು. ಸುತ್ತಿಗೆ ಹೆಗಲಿಗೇರಿಸಿ, ದಿನಾ ತಮ್ಮ ಪಾಲಿನ ಹಳಿಯ ಉದ್ದಕ್ಕೂ ನಡೆದು, ಸಡಿಲಾದ ಕೀಲಿಗಳನ್ನು ಬಡಿದು ಬಿಗಿ ಮಾಡುವ ಕೆಲಸ. ರಜೆಯಲ್ಲಿ ಅವರ ಕ್ವಾರ್ಟರ್ಸಿಗೆ ಹೋದರೆ ನನಗೆ ಹಬ್ಬ. ಆಗ ಇದ್ದದ್ದು ಮೀಟರ್ ಗೇಜ್. ನಾನು ಕಾಲೇಜು ಮುಗಿಸುವ ಹೊತ್ತಿಗೆ ಅದನ್ನು ಕಿತ್ತು ಬ್ರಾಡ್ ಗೇಜ್ ಹಾಕಿದ್ದರು.

ಈಗ ಆ ಲೈನಿನಲ್ಲಿ ಓಡಾಡುವ ಕಲ್ಲಿದ್ದಲಿನ ರೇಕುಗಳನ್ನು ನೀವೂ ನೋಡಿರಬಹುದು. ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 800 ಮೆಗಾವಾಟಿನ ಮೂರು ಘಟಕಗಳ, ಒಟ್ಟು 2,400 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ಬಂದ ಮೇಲೆ ಅವು ದಿನನಿತ್ಯದ ನೋಟ. ನಾನು ಮಾದರಿ ಮಾಡಲು ಆರಿಸಿಕೊಂಡದ್ದು ಬಾಕ್ಸ್‌ಎನ್ ಅನ್ನುವ ತೆರೆದ ವ್ಯಾಗನ್. ದೇಶದಲ್ಲಿ ಅತಿ ಹೆಚ್ಚು ಕಾಣಸಿಗುವ ವ್ಯಾಗನ್‌ಗಳಲ್ಲಿ ಅದೂ ಒಂದು. ಖಾಲಿ ತೂಕ 22.47 ಟನ್, ಹೊರುವ ಭಾರ 58.81 ಟನ್. ಇಂಥ 58–59 ವ್ಯಾಗನ್ ಸೇರಿದರೆ ಒಂದು ರೇಕ್, ಅಂದರೆ 3,400 ಟನ್ನಿಗೂ ಮಿಕ್ಕಿದ ಕಲ್ಲಿದ್ದಲು. ನಾವು ಬೆಂಗಳೂರಲ್ಲಿ ಕೂತು ಚಾರ್ಜರ್ ಚುಚ್ಚುವಾಗ ನೆನಪಿಗೆ ಬಾರದ ವಸ್ತು.

ಮಾಡೆಲ್ ರೈಲಿನ ಲೋಕದಲ್ಲಿ ಎಚ್‌ಒ ಅನ್ನುವ ಅಳತೆ ಬಹಳ ಪ್ರಸಿದ್ಧ. 1:87, ಅಂದರೆ ಎಲ್ಲವೂ ಎಂಬತ್ತೇಳರಲ್ಲಿ ಒಂದು ಪಾಲು. ಕೇಳಲು ಸರಳ. ಮಾಡಲು ಕೂತಾಗ ಗೊತ್ತಾಗುತ್ತೆ, ನಿಜ ಹೇಳಬೇಕಾದರೆ ಎಷ್ಟು ಸುಳ್ಳು ಹೇಳಬೇಕು ಅಂತ. ನಮ್ಮ ಬ್ರಾಡ್ ಗೇಜ್ 1,676 ಮಿಲಿಮೀಟರ್. ಎಂಬತ್ತೇಳರಿಂದ ಭಾಗಿಸಿದರೆ 19 ಮಿಲಿಮೀಟರ್ ಮೇಲೆ ಚೂರು ಬರಬೇಕು. ಆದರೆ ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿಲಿಮೀಟರ್, ಅದು ಯುರೋಪ್, ಅಮೆರಿಕದ 1,435 ಮಿಲಿಮೀಟರ್ ಗೇಜಿಗೆ ಹೊಂದುವ ಹಳಿ. ಹಾಗಾಗಿ ಭಾರತದ ವ್ಯಾಗನ್ ಮಾದರಿ ಆ ಹಳಿಯ ಮೇಲೆ ನಿಂತಾಗಲೆಲ್ಲ, ಸಾಲ ತಂದ ಚಪ್ಪಲಿ ಹಾಕಿದ ಹಾಗೆ, ಕಾಲು ಒಳಗೆ ಮಡಚಿ ನಿಂತಿರುತ್ತದೆ.

ತೂಕದ ಕಥೆ ಇನ್ನೂ ಮಜಾ. ಉದ್ದ, ಅಗಲ, ಎತ್ತರ ಮೂರೂ ಎಂಬತ್ತೇಳು ಪಟ್ಟು ಕುಗ್ಗಿದರೆ ತೂಕ ಆರೂವರೆ ಲಕ್ಷ ಪಟ್ಟು ಕುಗ್ಗುತ್ತದೆ. 22.47 ಟನ್ನಿನ ವ್ಯಾಗನ್ 34 ಗ್ರಾಂ ಆಗುತ್ತದೆ. ಆದರೆ 34 ಗ್ರಾಂ ವ್ಯಾಗನ್ ತಿರುವಿನಲ್ಲಿ ಹಳಿ ಬಿಟ್ಟು ಬೀಳುತ್ತೆ. ಅಮೆರಿಕದ ಮಾಡೆಲ್ ರೈಲಿನವರ ಸಂಘದ ಸೂತ್ರದ ಪ್ರಕಾರ ಈ ಉದ್ದದ ವ್ಯಾಗನ್ ಸುಮಾರು 97 ಗ್ರಾಂ ಇರಬೇಕು. ಯಾಕಂದ್ರೆ ಗುರುತ್ವವನ್ನು ಯಾರೂ 1:87ಕ್ಕೆ ಇಳಿಸಲು ಆಗಲ್ಲ. ಸರಿಯಾಗಿ ಓಡಬೇಕಂದ್ರೆ ಖಾಲಿ ಮಾದರಿ ತನ್ನ 'ನಿಜ'ಕ್ಕಿಂತ ಮೂರು ಪಟ್ಟು ಭಾರ ಇರಬೇಕು. ನನ್ನ ವ್ಯಾಗನ್ ಹೊಟ್ಟೆಯೊಳಗೆ, ಕಲ್ಲಿದ್ದಲಿನ ತೆಳು ಪದರದ ಕೆಳಗೆ, ಸೀಸದ ತುಂಡು ಅಂಟಿಸಿದ್ದೇನೆ.

ಈ ಸುಳ್ಳುಗಳಿಂದ ಯಾರಿಗೂ ನಷ್ಟ ಇಲ್ಲ. ಮಾದರಿ ಅಂದರೆ ಏನನ್ನೋ ಬಿಡುವುದು. ನಕ್ಷೆ ಮಣ್ಣನ್ನು ಬಿಡುತ್ತೆ, ಎಕ್ಸೆಲ್ ಶೀಟು ಮನುಷ್ಯರನ್ನು ಬಿಡುತ್ತೆ. ಏನನ್ನು ಬಿಟ್ಟಿದ್ದೇವೆ ಅಂತ ನೆನಪಿದ್ದರೆ ಸಾಕು. ನಾನು ಹಾಗೇ ಅಂದುಕೊಂಡಿದ್ದೆ.

ಈಗ ವಿಷಯಕ್ಕೆ ಬರ್ತೀನಿ. ಒಂದು ಬೇಸಿಗೆಯಲ್ಲಿ ಊರಿಗೆ ಹೋದವನು ಅದೇ ಲೈನಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿಗೆ ಕಾಯುತ್ತಿದ್ದೆ. ಸ್ಟೇಷನ್ ಹೆಸರು ಬೇಡ. ಪಕ್ಕದ ಲೂಪ್ ಲೈನಿನಲ್ಲಿ ತುಂಬಿದ ಕಲ್ಲಿದ್ದಲಿನ ರೇಕ್ ಕ್ರಾಸಿಂಗಿಗೆ ನಿಂತಿತ್ತು. ಮಾದರಿಗೆ ಫೋಟೋ ಬೇಕಿತ್ತು, ಸಿಕ್ಕ ಅವಕಾಶ ಅಂತ ಮೊಬೈಲ್ ತೆಗೆದೆ. ಸಾಲಿನಲ್ಲಿ ಒಂದು ವ್ಯಾಗನ್ ಕಣ್ಣಿಗೆ ಬಿತ್ತು. ಅದರ ಒಂದು ಬಾಗಿಲಿನ ಕೊಂಡಿ ಹೋಗಿತ್ತು. ಯಾರೋ ದಪ್ಪ ತಂತಿ ಸುತ್ತಿ ಬಾಗಿಲನ್ನು ಕಟ್ಟಿದ್ದರು. ಆ ತಂತಿಯೂ ತುಕ್ಕು ಹಿಡಿದು, ಒಂದು ತುದಿ ಬಿಚ್ಚಿ ಗಾಳಿಗೆ ನಿಂತಿತ್ತು. ಬಾಗಿಲು ನಾಲ್ಕು ಬೆರಳು ಹೊರಗೆ ಬಂದಿತ್ತು, ಸಂದಿನಿಂದ ಕಲ್ಲಿದ್ದಲಿನ ಪುಡಿ ಸಣ್ಣಗೆ ಸೋರುತ್ತಿತ್ತು. ಸಂಜೆಯ ಬಿಸಿಲು ಆ ತಂತಿಯ ಮೇಲೆ ಬಿದ್ದಿತ್ತು.

ಎಷ್ಟು ಚೆಂದ ಕಂಡಿತು ಅಂದ್ರೆ, ಹನ್ನೊಂದು ಫೋಟೋ ತೆಗೆದೆ. ಬಾಗಿಲದ್ದು, ತಂತಿಯದ್ದು, ಕ್ಯಾಸ್ನಬ್ ಬೋಗಿಯದ್ದು, ನಂಬರಿನದ್ದು. ಪ್ರತಿ ವ್ಯಾಗನ್ನಿಗೂ ಹನ್ನೊಂದು ಅಂಕಿಯ ನಂಬರ್ ಇರುತ್ತೆ. ಮೊದಲೆರಡು ಅಂಕಿ ಯಾವ ಜಾತಿಯ ವ್ಯಾಗನ್ ಅಂತ, ಆಮೇಲಿನೆರಡು ಯಾವ ರೈಲ್ವೆಯದು ಅಂತ, ಮುಂದಿನೆರಡು ತಯಾರಾದ ವರ್ಷ, ಆಮೇಲೆ ಅದರದೇ ಆದ ನಾಲ್ಕು ಅಂಕಿ, ಕೊನೆಯದು ಚೆಕ್ ಡಿಜಿಟ್. ಬರೆದುಕೊಳ್ಳುವಾಗ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡದೆ ಗೊತ್ತಾಗಿಬಿಡುತ್ತೆ. ನಾನು ನಂಬರನ್ನು ಜೋಪಾನವಾಗಿ ಬರೆದುಕೊಂಡೆ. ಎಲ್ಲರೂ ಬಾಕ್ಸ್‌ಎನ್ ಮಾಡ್ತಾರೆ, ನಾನು *ಈ* ಬಾಕ್ಸ್‌ಎನ್ ಮಾಡ್ತೀನಿ ಅನ್ನುವ ಹುರುಪು. ಇಪ್ಪತ್ತೈದು ನಿಮಿಷದ ಮೇಲೆ ರೇಕ್ ಹೊರಟುಹೋಯಿತು.

ಬೆಂಗಳೂರಿಗೆ ಬಂದು ಮಾಡಿದೆ. ಗೆಳೆಯನ ಬಳಿ ತ್ರೀಡಿ ಪ್ರಿಂಟ್ ತೆಗೆಸಿ, ಉಜ್ಜಿ, ಕಾವಿ ಬಣ್ಣ ಹೊಡೆದು, ತುಕ್ಕು ಹಚ್ಚಿ, ಇದ್ದಿಲು ಕುಟ್ಟಿ ಕಲ್ಲಿದ್ದಲು ಮಾಡಿ. ಹಾಳಾದ ಚಾರ್ಜರಿನ ಕೇಬಲ್ ಸೀಳಿ ಕೂದಲೆಳೆಯಂಥ ತಾಮ್ರದ ತಂತಿ ತೆಗೆದು ಆ ಬಾಗಿಲಿಗೆ ಸುತ್ತಿದೆ. ಒಂದು ತುದಿಯನ್ನು ಫೋಟೋದಲ್ಲಿದ್ದ ಹಾಗೆಯೇ ಬಿಚ್ಚಿ ನಿಲ್ಲಿಸಿದೆ. ಅದೊಂದಕ್ಕೇ ಒಂದು ಭಾನುವಾರ ಹೋಯಿತು.

ದೀಪಾವಳಿಗೆ ಊರಿಗೆ ಹೋಗುವಾಗ ಹತ್ತಿಯಲ್ಲಿ ಸುತ್ತಿ ತಗೊಂಡು ಹೋದೆ. ಕಾಕಾ ಈಗ ರಿಟೈರ್ ಆಗಿ ಬಸವನ ಬಾಗೇವಾಡಿಯಲ್ಲಿದ್ದಾರೆ. ಕನ್ನಡಕ ಏರಿಸಿ, ವ್ಯಾಗನ್ನನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಗಾಲಿ ತಿರುಗಿಸಿದರು. ಕೆಳಗೆ ಬಗ್ಗಿಸಿ ಬ್ರೇಕ್ ಪೈಪ್ ಇದೆಯಾ ಅಂತ ನೋಡಿದರು, ಇತ್ತು. 'ಭಾರಿ ಮಾಡಿಯಲ್ಲೋ ತಮ್ಮಾ' ಅಂದರು. ನನಗೆ ಇಡೀ ವರ್ಷದ ಅಪ್ರೈಸಲ್ ಅಲ್ಲೇ ಸಿಕ್ಕ ಹಾಗಾಯಿತು. ಆಮೇಲೆ ಅವರ ಬೆರಳು ಬಾಗಿಲ ಹತ್ತಿರ ನಿಂತಿತು.

'ಈ ತಂತಿ ಹಿಂಗ ಬಿಚ್ಚಿದ್ದು ನೀ ಮಾಡಿದ್ದೇನು?'

'ಇಲ್ಲ ಕಾಕಾ, ಹಂಗ ಇತ್ತು. ಹೆಂಗ ಇತ್ತೋ ಹಂಗ ಮಾಡೀನಿ.'

'ತುಂಬಿದ ಗಾಡಿ?'

'ಹೂಂ.'

'ಮಾಸ್ತರಗ ಹೇಳಿದ್ಯಾ?'

ನಾನು ಸುಮ್ಮನಿದ್ದೆ. ಅವರಿಗೆ ಉತ್ತರ ಗೊತ್ತಾಯಿತು. ವ್ಯಾಗನ್ ಪಕ್ಕದಲ್ಲಿ ಬರೆದಿದ್ದ ನಂಬರ್ ಮೇಲೆ ಕಣ್ಣಾಡಿಸಿ, 'ನಂಬರ್ ಸುದ್ದಾ ಬರಕೊಂಡು ಬಂದಿ' ಅಂದರು. ಬೈಗುಳದ ಧ್ವನಿಯಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಕು ಚಕ್ಕಲಿ ತಂದರು, ಮಾತು ಬೇರೆ ಕಡೆ ಹೋಯಿತು.

ಓಡುವ ರೇಕಿನಲ್ಲಿ ವ್ಯಾಗನ್ ಬಾಗಿಲು ಬಿಚ್ಚಿಕೊಂಡರೆ ಅದು ಹೊರಕ್ಕೆ ಚಾಚುತ್ತೆ. ಗಾಡಿ ದಾಟಲಿ ಅಂತ ಹಳಿ ಪಕ್ಕಕ್ಕೆ ಸರಿದು ನಿಂತ ಗ್ಯಾಂಗ್‌ಮನ್, ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತವರು, ಯಾರು ಬೇಕಾದರೂ ಅದರ ದಾರಿಯಲ್ಲಿರಬಹುದು. ಕಾಕಾ ಮೂವತ್ತು ವರ್ಷ ಹಾಗೆ ಸರಿದು ನಿಂತವರು. ನಾನು ನೋಡಿದ್ದು ತಂತಿಯ ಮೇಲಿನ ಬಿಸಿಲನ್ನು. ಅವರು ನೋಡಿದ್ದು ಆ ಬಾಗಿಲು ಎಷ್ಟು ದೂರ ಬರುತ್ತೆ ಅಂತ.

ಬೆಂಗಳೂರಿನ ಬಸ್ಸಿನಲ್ಲಿ ರಾತ್ರಿಯಿಡೀ ನನ್ನ ಪರ ನಾನೇ ವಕಾಲತ್ತು ನಡೆಸಿದೆ. ಮೊದಲ ವಾದ: ಅದು ನನ್ನ ಕೆಲಸ ಅಲ್ಲ. ಅದಕ್ಕೆ ಅಂತ ಸಂಬಳ ತಗೊಳ್ಳೋ ಜನ ಇದ್ದಾರೆ. ನಿಜ, ಇದ್ದಾರೆ. ರೈಲ್ವೆಯ ವ್ಯವಸ್ಥೆ ಎಷ್ಟು ಚೆನ್ನಾಗಿದೆ ನೋಡಿ. ಬಾಕ್ಸ್‌ಎನ್ ಹೆಸರಲ್ಲಿರುವ 'ಎನ್' ಗಾಳಿ ಬ್ರೇಕಿನ ಗುರುತು. ಇಡೀ ರೇಕಿನುದ್ದಕ್ಕೂ ಒಂದು ಪೈಪು, ಅದರ ತುಂಬ ಒತ್ತಿದ ಗಾಳಿ. ಎಲ್ಲೋ ಒಂದು ಕಡೆ ಪೈಪು ತುಂಡಾಯಿತೋ, ವ್ಯಾಗನ್ ಕಳಚಿತೋ, ಒತ್ತಡ ಇಳಿದು ಎಲ್ಲಾ ವ್ಯಾಗನ್ನಿಗೂ ತಾನಾಗಿಯೇ ಬ್ರೇಕು ಬೀಳುತ್ತದೆ. ಯಾರ ಒಳ್ಳೆತನವನ್ನೂ ಅದು ನಂಬಿಕೊಂಡಿಲ್ಲ. ಆದರೆ ಬಾಗಿಲಿಗೆ ಅಂಥ ಪೈಪು ಇಲ್ಲ. ತಂತಿ ಬಿಚ್ಚಿದ್ದು ಯಾವ ಗೇಜಿನಲ್ಲೂ ತೋರಿಸುವುದಿಲ್ಲ. ಅದಕ್ಕೇ ಗಾಡಿ ದಾಟುವಾಗ ಸ್ಟೇಷನ್ನಿನವರು, ಗೇಟ್‌ಮನ್‌ಗಳು ಬಾವುಟ ಹಿಡಿದು ನಿಂತು ನೋಡಬೇಕು ಅನ್ನುವ ನಿಯಮ ಇರುವುದು. ಎಷ್ಟೇ ಯಂತ್ರ ಬಂದರೂ ಒಂದು ಪಾಲು ಮನುಷ್ಯನ ಕಣ್ಣಿಗೇ ಉಳಿಯುತ್ತದೆ. ಆ ಹೊತ್ತು ಆ ಬಾಗಿಲಿನ ಎದುರಿಗಿದ್ದ ಕಣ್ಣು ನನ್ನದು. ಮಾಸ್ತರರ ಕೋಣೆ ನಲವತ್ತು ಹೆಜ್ಜೆ ದೂರ.

ಎರಡನೇ ವಾದ: ಬೇರೆ ಯಾರಾದರೂ ಹೇಳಿರುತ್ತಾರೆ. ಈ ವಾದದ ಬಗ್ಗೆ ಪ್ರಯೋಗವೇ ಆಗಿದೆ. 1968ರಲ್ಲಿ ಡಾರ್ಲಿ ಮತ್ತು ಲಟಾನೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು, ಇಂಟರ್‌ಕಾಮಿನಲ್ಲಿ ಮಾತಾಡುತ್ತಿದ್ದ ವ್ಯಕ್ತಿಗೆ ಫಿಟ್ಸ್ ಬಂದಂತೆ ಕೇಳಿಸಿದರೆ ಜನ ಏನು ಮಾಡ್ತಾರೆ ಅಂತ ನೋಡಿದರು. ಕೇಳಿಸಿಕೊಂಡವನು ತಾನೊಬ್ಬನೇ ಅಂತ ನಂಬಿದ್ದವರಲ್ಲಿ 85% ಜನ ಆ ಫಿಟ್ಸ್ ಮುಗಿಯುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ಕು ಜನ ಕೇಳಿಸಿಕೊಳ್ಳುತ್ತಿದ್ದಾರೆ ಅಂತ ನಂಬಿದ್ದವರಲ್ಲಿ ಎದ್ದದ್ದು 31%. ಅವರೇನೂ ಕೆಟ್ಟವರಲ್ಲ. ಜವಾಬ್ದಾರಿಯನ್ನು ಐದು ಪಾಲು ಮಾಡಿಕೊಂಡರು ಅಷ್ಟೇ. ನಮ್ಮ ಆಫೀಸಿನ ಗ್ರೂಪಿನಲ್ಲೂ ಅದೇ ಅಲ್ವಾ? ಪ್ರೊಡಕ್ಷನ್ನಿನಲ್ಲಿ ಏನೋ ಎಡವಟ್ಟು ಕಂಡರೆ ಇನ್ನೂರು ಜನ ನೋಡ್ತಾರೆ, ಟಿಕೆಟ್ ಹಾಕೋರು ಯಾರೂ ಇಲ್ಲ. ಸ್ಕ್ರೀನ್‌ಶಾಟ್ ತೆಗೆದು ನಗೋರು ಮಾತ್ರ ಹತ್ತು ಜನ.

ಮೂರನೇ ವಾದ ನನ್ನ ಬ್ರಹ್ಮಾಸ್ತ್ರ: ಅದು ಅಪಾಯ ಅಂತ ನನಗೆ ಗೊತ್ತಿರಲಿಲ್ಲ. ಇದನ್ನು ಹಿಡಿದುಕೊಂಡು ತುಮಕೂರಿನವರೆಗೂ ಬಂದೆ. ಆಮೇಲೆ ಅದೂ ಕೈ ಜಾರಿತು. ಆ ಬಾಗಿಲು ನನಗೆ ಯಾಕೆ ಚೆಂದ ಕಂಡಿತು? ಕೊಂಡಿ ಗಟ್ಟಿ ಇದ್ದ ಸುತ್ತಲಿನ ವ್ಯಾಗನ್‌ಗಳ ಫೋಟೋ ನಾನು ತೆಗೆಯಲಿಲ್ಲ. ಕೆಟ್ಟಿದೆ ಅಂತ ಗೊತ್ತಿದ್ದರಿಂದಲೇ ಅದು ಚೆಂದ ಕಂಡದ್ದು. ಅಂದರೆ ಗೊತ್ತಿತ್ತು. ಗೊತ್ತಿದ್ದದ್ದು ಬೇರೆ ಖಾತೆಗೆ ಜಮಾ ಆಗಿತ್ತು.

ಫ್ರೆಂಚ್ ಚಿಂತಕಿ ಸಿಮೋನ್ ವೇಯ್ ಗಮನ ಕೊಡುವುದನ್ನೇ ಒಂದು ನೈತಿಕ ಕೆಲಸ ಅಂತ ನಂಬಿದ್ದವಳು. 1934–35ರಲ್ಲಿ ಪಾಠ ಹೇಳುವುದನ್ನು ಬಿಟ್ಟು ಪ್ಯಾರಿಸ್ಸಿನ ಕಾರ್ಖಾನೆಗಳಲ್ಲಿ ಕೂಲಿಗೆ ನಿಂತವಳು. ಅವಳನ್ನು ಓದಿ ಮೆಚ್ಚಿದವನು ನಾನು. ಆದರೆ ಆ ಸಂಜೆ ನನ್ನ ಗಮನಕ್ಕೆ ಏನು ಕೊರತೆ ಇತ್ತು? ಒಂದು ಬಾಗಿಲಿಗೆ ಹನ್ನೊಂದು ಫೋಟೋ, ಒಂದು ತಂತಿಗೆ ಒಂದು ಇಡೀ ಭಾನುವಾರ. ಇಷ್ಟು ಗಮನವನ್ನು ನಾನು ಮನುಷ್ಯರಿಗೂ ಕೊಟ್ಟಿಲ್ಲ. ಹಾಗಾದರೆ ಗಮನ ಒಂದೇ ಸಾಲದು. ವಸ್ತುವಿನಿಂದ ನನಗೇನು ಸಿಗುತ್ತೆ ಅಂತ ನೋಡುವ ಗಮನ ಒಂದು, ಆ ವಸ್ತುವಿಗೆ ನನ್ನಿಂದ ಏನಾಗಬೇಕಿದೆ ಅಂತ ನೋಡುವ ಗಮನ ಇನ್ನೊಂದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಮನುಷ್ಯ ಬಗ್ಗಿ, ಉಸಿರು ಹಿಡಿದು ನೋಡುತ್ತಿರುತ್ತಾನೆ.

ಮಾನವಶಾಸ್ತ್ರಜ್ಞ ಲೆವಿ-ಸ್ಟ್ರಾಸ್ 1962ರ ತನ್ನ ಪುಸ್ತಕವೊಂದರಲ್ಲಿ ಪುಟ್ಟ ಮಾದರಿಗಳ ಬಗ್ಗೆ ಬರೆದಿದ್ದಾನೆ. ದೊಡ್ಡ ವಸ್ತುವನ್ನು ನಾವು ಭಾಗ ಭಾಗವಾಗಿ ಅರಿಯುತ್ತೇವೆ. ಚಿಕ್ಕದಾದರೆ ಇಡೀ ವಸ್ತು ಒಮ್ಮೆಗೇ ಕೈಗೆ ಸಿಗುತ್ತೆ, ಅದರ ಮೇಲೆ ನಮಗೆ ಹಿಡಿತ ಬಂದ ಹಾಗಾಗುತ್ತೆ ಅನ್ನುವುದು ಅವನ ಮಾತಿನ ಸಾರ. ಸರಿಯಾದ ಮಾತು. ಚಿಕ್ಕದಾದ ಕೂಡಲೇ ಇನ್ನೊಂದೂ ಆಗುತ್ತೆ: ಅದರಿಂದ ಯಾರಿಗೂ ಪೆಟ್ಟಾಗಲ್ಲ. ನನ್ನ ಮೇಜಿನ ಮೇಲಿನ ಬಾಗಿಲು ಸಾವಿರ ಸಲ ಬಿಚ್ಚಿಕೊಂಡರೂ ಯಾವ ಗ್ಯಾಂಗ್‌ಮನ್ನಿಗೂ ತಾಗುವುದಿಲ್ಲ. ಮಾದರಿಗೆ ಅದು ಸರಿ. ನನ್ನ ತಪ್ಪು ಬೇರೆ ಕಡೆ ಇದೆ. ನಾನು ವ್ಯಾಗನ್ನನ್ನು ಕುಗ್ಗಿಸಿದ್ದು ಬೆಂಗಳೂರಿಗೆ ಬಂದ ಮೇಲಲ್ಲ. ಆ ಪ್ಲಾಟ್‌ಫಾರ್ಮಿನಲ್ಲಿ, ಎಂಬತ್ತು ಟನ್ ತೂಕದ ನಿಜವಾದ ವ್ಯಾಗನ್ ಎದುರಿಗಿದ್ದಾಗಲೇ, ನನ್ನ ಕಣ್ಣು ಅದನ್ನು ಎಂಬತ್ತೇಳರಲ್ಲಿ ಒಂದು ಪಾಲು ಮಾಡಿ ನೋಡುತ್ತಿತ್ತು. ಮೊಬೈಲ್ ಪರದೆಯಲ್ಲಿ ಎಲ್ಲವೂ ಹಾಗೆಯೇ. ರಸ್ತೆ ಗುಂಡಿ, ಬಾಗಿದ ಕರೆಂಟ್ ಕಂಬ, ಹರಿದ ಅಂಗಿಯ ಹುಡುಗ ಎಲ್ಲವೂ ಒಂದು ಫ್ರೇಮಿನೊಳಗೆ ಬಂದ ಕೂಡಲೇ ಯಾರಿಗೂ ಪೆಟ್ಟಾಗದ ಅಳತೆಗೆ ಇಳಿದುಬಿಡುತ್ತವೆ.

ಹಾಗಂತ ಹವ್ಯಾಸ ಬಿಟ್ಟುಬಿಡಬೇಕಾ? ಇಲ್ಲ ಅಂತ ನನಗೆ ಅನಿಸುತ್ತೆ. ಆ ಪ್ಲಾಟ್‌ಫಾರ್ಮಿನಲ್ಲಿ ನೂರಾರು ಜನ ಇದ್ದರು, ತಂತಿ ಬಿಚ್ಚಿದ್ದು ನನಗೆ ಕಂಡದ್ದೇ ಈ ಹುಚ್ಚಿನಿಂದ. ಪ್ರೀತಿ ಇಲ್ಲದೆ ಯಾರಿಗೂ ಅಷ್ಟು ಸಣ್ಣದು ಕಾಣಲ್ಲ. ಆದರೆ ಇಲ್ಲೊಂದು ಅನ್ಯಾಯ ಇದೆ: ನೋಡದವನು ಆರಾಮಾಗಿ ಮನೆಗೆ ಹೋಗ್ತಾನೆ, ನೋಡಿದವನ ತಲೆಗೆ ಮಾತ್ರ ಭಾರ. ಹಾಗಾದರೆ ನೋಡದಿರುವುದೇ ಲಾಭ ಅಲ್ವಾ? ಮುಂದಿನ ಸಲ ಹೋದಾಗ ಕಾಕಾರಿಗೆ ಇದನ್ನೇ ಕೇಳಿದೆ. ಅವರು ನಕ್ಕರು. 'ನಾನೂ ದಿನಾ ನೋಡ್ಕೋತ ಹೋಗ್ತಿದ್ದೆ. ಚಂದನೂ ಅನಸ್ತಿತ್ತು. ಮುಂಜಾನೆ ಹಳಿ ಹೊಳಿಯೋದು ನೋಡಬೇಕು ನೀ. ನೋಡೋದು ಬ್ಯಾಡ ಅಂತ ಯಾರು ಅಂದ್ರು? ಏನರ ಕಂಡ್ರ ಕೈ ಎತ್ತಬೇಕು, ಅಷ್ಟ.'

ಕೈ ಎತ್ತುವುದು ಅವರಿಗೆ ಮಾತಿನ ಅಲಂಕಾರ ಅಲ್ಲ. ಕೆಂಪು ಬಾವುಟ ಕೈಯಲ್ಲಿಲ್ಲದಾಗ, ಹಗಲಲ್ಲಿ ಗಾಡಿ ನಿಲ್ಲಿಸಬೇಕಾದರೆ ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ ಹಿಡಿಯಬೇಕು. ಅದು ರೈಲ್ವೆಯ ಅಧಿಕೃತ ಅಪಾಯದ ಸನ್ನೆ. ಬಾವುಟ ಇಲ್ಲದವನಿಗೂ ಕೈ ಇರುತ್ತೆ ಅನ್ನುವ ನಂಬಿಕೆ ಆ ನಿಯಮದೊಳಗಿದೆ. ನಮ್ಮ ಕಡೆ ಕಾಯಕ ಅನ್ನುವ ಶಬ್ದ ಗೋಡೆಗೋಡೆಯ ಮೇಲೆ ಬರೆದಿರುತ್ತೆ. ಬಸವಣ್ಣನ ಊರಲ್ಲಿ ಕೂತಿದ್ದ ಕಾಕಾ ಆ ಶಬ್ದವನ್ನು ಒಮ್ಮೆಯೂ ಬಳಸಲಿಲ್ಲ.

ಆ ವ್ಯಾಗನ್ ಏನಾಯಿತು ಅಂತ ನನಗೆ ಗೊತ್ತಿಲ್ಲ. ಬಹುಶಃ ಮುಂದಿನ ಸ್ಟೇಷನ್ನಿನಲ್ಲೇ ಯಾರೋ ನೋಡಿ ಕಟ್ಟಿರುತ್ತಾರೆ. ಹಾಗೆ ಆಗಿದ್ದರೂ ನನ್ನ ಲೆಕ್ಕದಲ್ಲಿ ಅದು ಬರುವುದಿಲ್ಲ, ಅದು ಅವರ ಲೆಕ್ಕ.

ಆಮೇಲೆ ಒಂದು ಸಲ ಅವಕಾಶ ಬಂತು. ಒಂದು ಲೆವೆಲ್ ಕ್ರಾಸಿಂಗಿನಲ್ಲಿ ಕಾರು ನಿಲ್ಲಿಸಿ ಕಾಯುತ್ತಿದ್ದಾಗ, ದಾಟಿದ ಗೂಡ್ಸ್ ಗಾಡಿಯ ಕೆಳಗೆ ಏನೋ ನೇತಾಡಿದ ಹಾಗೆ ಕಂಡಿತು. ಇಳಿದು ಓಡಿಹೋಗಿ ಗೇಟ್‌ಮನ್ನಿಗೆ ಹೇಳಿದೆ. ಆತ ಆಗಲೇ ಫೋನ್ ಕಿವಿಗೆ ಹಿಡಿದಿದ್ದ. 'ನೋಡೀನ್ರಿ ಸರ, ಹೇಳಾಕತ್ತೀನಿ' ಅಂದ. ಹಿಂದಿನ ಕಾರಿನವರು ಹಾರ್ನ್ ಹೊಡೆಯುತ್ತಿದ್ದರು. ಪೆಚ್ಚಾಗಿ ವಾಪಸ್ ಬಂದೆ. ಅಂದು ತಿಳಿದದ್ದು ಇಷ್ಟು: ಹೇಳುವುದರ ಬೆಲೆ ಸಾಮಾನ್ಯವಾಗಿ ಎರಡು ನಿಮಿಷದ ಪೆಚ್ಚುತನ. ಈಗಂತೂ ರೈಲಿನ ದೂರುಗಳಿಗೆ 139 ಅನ್ನುವ ಒಂದೇ ನಂಬರ್ ಇದೆ. ಅದನ್ನು ಒತ್ತಿದರೂ ಬೆಲೆ ಅಷ್ಟೇ.

ಮಾದರಿಯ ಬಾಗಿಲನ್ನು ಸರಿ ಮಾಡಿಬಿಡೋಣ ಅಂತ ಒಂದು ರಾತ್ರಿ ಇಕ್ಕಳ ಹಿಡಿದು ಕೂತೆ. ಆಮೇಲೆ ಬಿಟ್ಟೆ. ಸರಿ ಮಾಡಿದರೆ ಅದು ನಾನು ಹೇಳಿದ ಮೊದಲ ನಿಜವಾದ ಸುಳ್ಳಾಗುತ್ತಿತ್ತು. ಹಳಿಯ ಅಗಲ ತಪ್ಪಿದೆ, ತೂಕ ತಪ್ಪಿದೆ, ಬಾಗಿಲು ಮಾತ್ರ ಸರಿಯಾಗಿ, ಇದ್ದ ಹಾಗೆಯೇ ಇದೆ. ಇರಲಿ. ಮೀಟಿಂಗಿನಲ್ಲಿ ಯಾರಾದರೂ ಸ್ಲೈಡ್ ತೋರಿಸುತ್ತಿರುವಾಗ, ಇದೇನೋ ಸರಿ ಇಲ್ಲವಲ್ಲ, ಹೇಳಲೋ ಬೇಡವೋ, ಇಷ್ಟು ಜನ ಇದ್ದಾರೆ ಅಂತ ಅನಿಸಿದಾಗ ಕಣ್ಣು ತಾನಾಗಿ ಅದರ ಕಡೆ ಹೋಗುತ್ತೆ. ಆಮೇಲೆ ಅನ್‌ಮ್ಯೂಟ್ ಮಾಡ್ತೀನಿ. ಪ್ರತಿ ಸಲ ಅಲ್ಲ. ಮೊದಲಿಗಿಂತ ಹೆಚ್ಚು.